ಉತ್ತರ: ವೈಫೈನಲ್ಲಿ 180, ಲ್ಯಾನ್ ಕೇಬಲ್‌ನಲ್ಲಿ 94 ಯಾಕೆ?

200 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್, ನೆಟ್ ವೇಗದ ಅಳತೆ) ಪ್ಲಾನ್, ವೈಫೈನಲ್ಲಿ 180 ಬರುತ್ತೆ, ಲ್ಯಾನ್ ಕೇಬಲ್ ಹಾಕಿದ್ರೆ 94ಕ್ಕೇ ನಿಲ್ಲುತ್ತೆ ಅಂದಿದ್ದೀರಿ. ಆ 94ರಲ್ಲೇ ಉತ್ತರ ಇದೆ ಸರ್. ಲಿಂಕ್, ಅಂದ್ರೆ ಕಂಪ್ಯೂಟರ್ ಮತ್ತು ಮೋಡೆಮ್ ನಡುವಿನ ಕೇಬಲ್ ಸಂಪರ್ಕ, 100 ಎಂಬಿಪಿಎಸ್‌ಗೆ ಇಳಿದಿದೆ. ಹೆಡರ್‌ಗಳ (ಪ್ರತಿ ಡೇಟಾ ತುಣುಕಿನ ಜೊತೆ ಹೋಗೋ ವಿಳಾಸದಂಥ ಮಾಹಿತಿ) ಪಾಲು ಕಳೆದರೆ ಕೈಗೆ ಸಿಗೋದು ಅಷ್ಟೇ.

ಗಿಗಾಬಿಟ್‌ಗೆ (1000 ಎಂಬಿಪಿಎಸ್) ಕೇಬಲ್‌ನ ಎಂಟೂ ತಂತಿ ಬೇಕು. 100ಕ್ಕೆ 1, 2, 3, 6ನೇ ಪಿನ್ ಸಾಕು. ಹಾಗಾಗಿ ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದೆಳೆ ಕೈಕೊಟ್ಟರೂ ನೆಟ್ ನಿಲ್ಲಲ್ಲ, ಸದ್ದಿಲ್ಲದೆ ನಿಧಾನ ಆಗುತ್ತೆ. ಬೇರೆ ಕೇಬಲ್ ಹಾಕಿ ಲಿಂಕ್ ಸ್ಪೀಡ್ ನೋಡಿ. 1000 ತೋರಿಸಿದ್ರೆ ಹಳೆಯದರ ಪ್ಲಗ್ ಕತ್ತರಿಸಿ ಹೊಸದನ್ನು ಕ್ರಿಂಪ್ ಮಾಡಿಸಿ (ತಂತಿಗಳನ್ನು ಪ್ಲಗ್‌ನಲ್ಲಿ ಒತ್ತಿ ಕೂರಿಸೋದು). ತಂತಿಗಳ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ.

ಆಗಲೂ 100 ಅಂದ್ರೆ ಪೋರ್ಟ್ ಬದಲಿಸಿ. ಕೆಲವು ಫೈಬರ್ ಮೋಡೆಮ್‌ಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್, ಉಳಿದವು 100 (ಪೆಟ್ಟಿಗೆ ಮೇಲೆ ಇದನ್ನು ದಪ್ಪಕ್ಷರದಲ್ಲಿ ಯಾರೂ ಬರೆಯಲ್ಲ).