ಇಂಗ್ಲಿಷ್ ಅರ್ಥ ಆಗುತ್ತೆ, ಬಾಯಿ ಮಾತ್ರ ಬರಲ್ಲ. ಕೋಚಿಂಗ್ ಇಲ್ಲದೆ ಏನು ಮಾಡಬಹುದು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಬೆಂಗಳೂರಿನಲ್ಲಿ ಬಿ.ಕಾಂ. ಎರಡನೇ ವರ್ಷ. ಪಾಠ ಅರ್ಥ ಆಗುತ್ತೆ, ಪರೀಕ್ಷೆಯಲ್ಲಿ ಬರೆಯೋಕೂ ಬರುತ್ತೆ. ಯಾರಾದರೂ ಇಂಗ್ಲಿಷಲ್ಲಿ ಮಾತಾಡಿಸಿದರೆ ಎರಡನೇ ವಾಕ್ಯಕ್ಕೆ ಬಾಯಿ ಕಟ್ಟುತ್ತೆ. ಕೋಚಿಂಗ್‌ಗೆ ದುಡ್ಡಿಲ್ಲ, ಪ್ಲೇಸ್‌ಮೆಂಟ್‌ಗೆ ಒಂದು ವರ್ಷ ಇದೆ.

ಒಂದು ವರ್ಷ ಧಾರಾಳ ಆಯ್ತು. ಮೊದಲು, ಪದಗಳ ಪಟ್ಟಿ ಉರು ಹೊಡೆಯುತ್ತಿದ್ದರೆ ಇವತ್ತೇ ನಿಲ್ಲಿಸಿ. ನಿಮಗೆ ಪದದ ಕೊರತೆ ಇಲ್ಲ. ನೀವು ಗೆಳೆಯರ ಜೊತೆ ದಿನಾ ಆಡೋ ಕನ್ನಡವನ್ನೇ ಕೇಳಿಸಿಕೊಳ್ಳಿ: "ಅಸೈನ್‌ಮೆಂಟ್ ಸಬ್ಮಿಟ್ ಮಾಡೋಕೆ ನಿನ್ನೆ ಲಾಸ್ಟ್ ಡೇಟ್ ಇತ್ತು, ಪ್ರಿಂಟರ್ ಕೈಕೊಡ್ತು, ಹೆಚ್‌ಓಡಿ ಹತ್ರ ರಿಕ್ವೆಸ್ಟ್ ಮಾಡ್ಕೊಂಡೆ, ಎಕ್ಸ್‌ಟೆಂಡ್ ಆಯ್ತು." ಇದೊಂದರಲ್ಲೇ ಎಂಟು ಇಂಗ್ಲಿಷ್ ಪದ ಇವೆ. ಹಿಂದೆ ಬಂಗಾಳದಲ್ಲಿ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ್ದ ಮೈಕೆಲ್ ವೆಸ್ಟ್, ಇಂಗ್ಲಿಷ್ ಕಲಿಯುವವರಿಗೆ ಮೊದಲು ಬೇಕಾಗುವ ಪದಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದರು. ಅದರಲ್ಲಿ ಇದ್ದದ್ದು ಸುಮಾರು 2,000 ಪದ. ಪದವಿ ತರಗತಿಗೆ ಬಂದವರಿಗೆ ಅವುಗಳಲ್ಲಿ ಬಹುಪಾಲು ನೋಡಿದರೆ ಗುರುತು ಸಿಗುತ್ತವೆ. ಸಮಸ್ಯೆ ಇರೋದು ಆ ಪದಗಳಿಗೆ ಅಂಟಿಕೊಂಡಿರುವ "ಮಾಡು", "ಆಗು"ಗಳಲ್ಲಿ. ಕ್ರಿಯೆಯ ಭಾರವನ್ನೆಲ್ಲ ಆ ಎರಡು ಕನ್ನಡ ಪದಗಳೇ ಹೊರುತ್ತವೆ, "ಸಬ್ಮಿಟ್" ಸುಮ್ಮನೆ ಪಕ್ಕದಲ್ಲಿ ಕೂತಿರುತ್ತೆ. ಇಂಗ್ಲಿಷಿಗೆ ಹೋದಾಗ "ಮಾಡು" ಇರಲ್ಲ, "ಸಬ್ಮಿಟ್" ತಾನೇ ಕೆಲಸ ಮಾಡಬೇಕು. ಆ ಅಭ್ಯಾಸ ಇಲ್ಲದೆ ನಾಲಿಗೆ ಅಲ್ಲೇ ನಿಲ್ಲುತ್ತೆ.

ಆದ್ದರಿಂದ ಮೊದಲ ತಿಂಗಳ ಕೆಲಸ ಇದೇ: ಮಾಡು–ಆಗುಗಳನ್ನು ಬಿಡಿಸೋದು. "ಕ್ಯಾನ್ಸಲ್ ಮಾಡಿದ್ರು" ಅಂದರೆ "ದೇ ಕ್ಯಾನ್ಸಲ್ಡ್ ಇಟ್". "ಕ್ಯಾನ್ಸಲ್ ಆಯ್ತು" ಅಂದರೆ "ಇಟ್ ವಾಸ್ ಕ್ಯಾನ್ಸಲ್ಡ್". ಸಾಮಾನ್ಯವಾಗಿ "ಮಾಡು" ಇದ್ದಲ್ಲಿ ಮಾಡಿದವರ ಹೆಸರು ಮುಂದೆ ಬರುತ್ತೆ, "ಆಗು" ಇದ್ದಲ್ಲಿ "ವಾಸ್" ಸೇರುತ್ತೆ. ವ್ಯಾಕರಣದ ಪುಸ್ತಕದಲ್ಲಿ ಕರ್ಮಣಿ ಪ್ರಯೋಗ ಅಂತ ಹತ್ತು ಪುಟ ಓದಿದ್ದನ್ನು ನೀವು ಕನ್ನಡದಲ್ಲಿ ದಿನಕ್ಕೆ ಐವತ್ತು ಸಲ ಮಾಡುತ್ತಲೇ ಇದ್ದೀರಿ.

ಇದು ಕೈಕೊಡುವ ಜಾಗಗಳೂ ಇವೆ, ಮೊದಲೇ ಗೊತ್ತಿರಲಿ. ಸ್ಟಾರ್ಟ್, ಸ್ಟಾಪ್, ಓಪನ್, ಕ್ಲೋಸ್, ಚೇಂಜ್ ಇವಕ್ಕೆ ತಾವಾಗಿಯೇ ಆಗುವ ಶಕ್ತಿ ಇದೆ. "ಕ್ಲಾಸ್ ಸ್ಟಾರ್ಟ್ ಆಯ್ತು" ಅಂದರೆ "ದ ಕ್ಲಾಸ್ ಸ್ಟಾರ್ಟೆಡ್" ಅಷ್ಟೇ, "ವಾಸ್" ಬೇಡ. "ಬಸ್ ಮಿಸ್ ಆಯ್ತು" ಅನ್ನೋದನ್ನ ಹಾಗೇ ತಿರುಗಿಸಿ "ಬಸ್ ಗಾಟ್ ಮಿಸ್ಡ್" ಅನ್ನುವವರು ಬಹಳ ಜನ. ಇಂಗ್ಲಿಷಲ್ಲಿ ತಪ್ಪಿಸಿಕೊಂಡವರು ನೀವು, "ಐ ಮಿಸ್ಡ್ ದ ಬಸ್". ಅದೇ "ಫೈಲ್ ಮಿಸ್ ಆಗಿದೆ" ಅಂದರೆ ಫೈಲು ಕಾಣಿಸುತ್ತಿಲ್ಲ, "ದ ಫೈಲ್ ಈಸ್ ಮಿಸ್ಸಿಂಗ್".

ದಿನಕ್ಕೆ ಐದು ಪದ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ನಾಲ್ಕು ವಾಕ್ಯ: ಮಾಡಿದೆ, ಮಾಡಲಿಲ್ಲ, ಮಾಡಿದ್ಯಾ, ಆಯ್ತು. ಒಟ್ಟು ಇಪ್ಪತ್ತು ವಾಕ್ಯ, ಗಟ್ಟಿಯಾಗಿ, ಹತ್ತು ನಿಮಿಷ. ಮನಸ್ಸಲ್ಲೇ ಹೇಳಿಕೊಂಡರೆ ಲೆಕ್ಕಕ್ಕಿಲ್ಲ, ಕಲಿಯಬೇಕಾದದ್ದು ನಾಲಿಗೆ ಮತ್ತು ತುಟಿ.

ಈ ನಾಲ್ಕರಲ್ಲಿ "ಮಾಡಲಿಲ್ಲ" ಮತ್ತು "ಮಾಡಿದ್ಯಾ" ಹತ್ತಿರ ಎಲ್ಲರೂ ಎಡವುತ್ತಾರೆ: "ಬಸ್ ಡಿಡ್ ನಾಟ್ ಕೇಮ್", "ಡಿಡ್ ಯು ವೆಂಟ್?" ಇದನ್ನು ಸರಿಮಾಡೋಕೆ ಕನ್ನಡವೇ ದಾರಿ ತೋರಿಸುತ್ತೆ. "ಬಂತು" ಅಂತೀವಿ, ಆದರೆ ಇಲ್ಲ ಅನ್ನುವಾಗ "ಬರಲಿಲ್ಲ" ಅಂತೀವಿ, "ಬಂತಲಿಲ್ಲ" ಅನ್ನಲ್ಲ. ಕ್ರಿಯಾಪದ ಮೂಲರೂಪಕ್ಕೆ ಹಿಂತಿರುಗುತ್ತೆ, ಹಿಂದಿನ ಕಾಲವನ್ನ "ಇಲ್ಲ" ಹೊರುತ್ತೆ. ಇಂಗ್ಲಿಷಲ್ಲೂ ಅದೇ: ಕಾಲವನ್ನ "ಡಿಡ್" ಹೊತ್ತ ಮೇಲೆ "ಕಮ್" ಬರಿಗೈಯಲ್ಲಿ ಬರುತ್ತೆ. "ಡಿಡಂಟ್ ಕಮ್" ಅನ್ನುವಾಗ "ಬರಲಿಲ್ಲ" ನೆನಪಾಗಲಿ. ಪ್ರಶ್ನೆಗೆ ಮಾತ್ರ ಕನ್ನಡದ ಆಸರೆ ಸಿಗಲ್ಲ. "ಬಂತಾ?" ಅಂತ ನಾವು ಕಾಲ, ಪ್ರಶ್ನೆ ಎರಡನ್ನೂ ಬಾಲಕ್ಕೇ ಕಟ್ಟುತ್ತೀವಿ, ಅಲ್ಲೇ "ಡಿಡ್ ಇಟ್ ಕೇಮ್" ಹುಟ್ಟುತ್ತೆ. ಅದನ್ನು ಹೇಳಿ ಹೇಳಿಯೇ ತಿದ್ದಬೇಕು.

ಎರಡನೇ ಗಂಟು "ನನಗೆ". ನನಗೆ ಹಸಿವು, ನನಗೆ ಗೊತ್ತು, ನನಗೆ ಬೇಕು, ನನಗೆ ಜ್ವರ, ನನಗೆ ಬೇಜಾರು, ನನಗೆ ಇಬ್ಬರು ತಂಗಿಯರು. ಕನ್ನಡದಲ್ಲಿ ಇವೆಲ್ಲ ನಮ್ಮ ಹತ್ತಿರ ಬರುವ ಸಂಗತಿಗಳು, ನಾವು ಮಾಡುವ ಕೆಲಸಗಳಲ್ಲ. ಇಂಗ್ಲಿಷಲ್ಲಿ ಎಲ್ಲದಕ್ಕೂ "ಐ" ಮುಂದೆ ನಿಲ್ಲಬೇಕು: ಐ ಆಮ್ ಹಂಗ್ರಿ, ಐ ನೋ, ಐ ವಾಂಟ್, ಐ ಹ್ಯಾವ್ ಎ ಫೀವರ್, ಐ ಆಮ್ ಬೋರ್ಡ್, ಐ ಹ್ಯಾವ್ ಟು ಸಿಸ್ಟರ್ಸ್. ಕೊನೆಯದಕ್ಕೆ "ಐ ಆಮ್ ಹ್ಯಾವಿಂಗ್" ಹಾಕಬೇಡಿ. ಹೀಗೆ "ನನಗೆ"ಯಿಂದ ಶುರುವಾಗುವ ಮೂವತ್ತು ವಾಕ್ಯ ನೋಟ್‌ಬುಕ್ಕಲ್ಲಿ ಬರೆದುಕೊಂಡು ಒಂದು ವಾರ ತಿರುಗಿಸಿ.

ನಮ್ಮ ಮೆಟ್ರೋದಲ್ಲಿ ಓಡಾಡುತ್ತಿದ್ದರೆ ಪ್ರಕಟಣೆಗಳನ್ನು ಗಮನಿಸಿ. ಒಂದೇ ವಿಷಯ ಕನ್ನಡದಲ್ಲೂ ಇಂಗ್ಲಿಷಲ್ಲೂ ಬರುತ್ತೆ. ಬಾಗಿಲು "ತೆರೆಯುತ್ತೆ" ಅನ್ನೋದು ಕನ್ನಡದಲ್ಲಿ ದಿನನಿತ್ಯಕ್ಕೂ ಆಗುತ್ತೆ, ಇನ್ನು ಮುಂದೆ ಆಗೋದಕ್ಕೂ ಆಗುತ್ತೆ. ಇಂಗ್ಲಿಷಲ್ಲಿ "ವಿಲ್ ಓಪನ್" ಬೇರೆ, "ಓಪನ್ಸ್" ಬೇರೆ. "ದಿನಾ ಬರ್ತೀನಿ", "ನಾಳೆ ಬರ್ತೀನಿ" ಎರಡಕ್ಕೂ ನಮಗೆ ಒಂದೇ ರೂಪ ಸಾಕಾಗೋದರಿಂದ "ಟುಮಾರೋ ಐ ಕಮ್" ಅಂದುಬಿಡುತ್ತೀವಿ. ದಿನಾ ಅಂದರೆ "ಐ ಕಮ್", ನಾಳೆ ಅಂದರೆ "ಐ ವಿಲ್ ಕಮ್".

ವಾಕ್ಯ ತಯಾರಾದರೆ ಸಾಲದು, ವೇಗ ಬೇಕು. ಅದಕ್ಕೆ ನಾನು ಹೇಳೋದು ಒಂದೇ ವಿಧಾನ, 4-3-2. ಭಾಷಾ ಬೋಧನೆಯ ವಿದ್ವಾಂಸ ಪಾಲ್ ನೇಷನ್ ಇದರ ಬಗ್ಗೆ ಬಹಳ ಬರೆದಿದ್ದಾರೆ. ಒಂದೇ ವಿಷಯವನ್ನ ಮೊದಲು ನಾಲ್ಕು ನಿಮಿಷ, ಆಮೇಲೆ ಮೂರು, ಆಮೇಲೆ ಎರಡು ನಿಮಿಷದಲ್ಲಿ ಹೇಳಬೇಕು, ಪ್ರತಿ ಸಲ ಬೇರೆ ಕೇಳುಗರಿಗೆ. ಒಬ್ಬರೇ ಇದ್ದರೆ ಫೋನಿನ ರೆಕಾರ್ಡರ್ ಸಾಕು. ಶುರುವಿನಲ್ಲಿ ನಾಲ್ಕು ನಿಮಿಷ ಎಳೆಯೋಕೆ ಆಗಲ್ಲ. ಎರಡು, ಒಂದೂವರೆ, ಒಂದು ನಿಮಿಷದಿಂದ ಹಿಡಿಯಿರಿ. ಮಾತಾಡುವ ಮುಂಚೆ ಐದು ಬಿಡಿ ಪದ ಮಾತ್ರ ಗುರುತು ಹಾಕಿಕೊಳ್ಳಿ, ಪೂರ್ತಿ ವಾಕ್ಯ ಬರೆದರೆ ಅದು ಓದು ಆಗಿಬಿಡುತ್ತೆ. ಎರಡನೇ, ಮೂರನೇ ಸುತ್ತಿನಲ್ಲಿ ವಿಷಯ ಕಡಿಮೆ ಮಾಡಬೇಡಿ. ಅಷ್ಟನ್ನೇ ಕಡಿಮೆ ಸಮಯದಲ್ಲಿ ಹೇಳೋಕೆ ಹೋದಾಗ ನಡುವಿನ ತಡವರಿಕೆ ತಾನಾಗಿ ಕಳಚುತ್ತೆ. ಮೊದಲ ಸುತ್ತಿನಲ್ಲಿ "ಯೆಸ್ಟರ್ಡೇ... ಬಸ್... ಬಸ್ ಡಿಡ್ ನಾಟ್ ಕೇಮ್... ಸೋ... ಐ ವೆಂಟ್ ಇನ್ ಮೆಟ್ರೋ ಓನ್ಲಿ" ಅಂತ ಬಂದದ್ದು ಮೂರನೇ ಸುತ್ತಿಗೆ "ದ ಬಸ್ ಡಿಡಂಟ್ ಕಮ್, ಸೋ ಐ ಟುಕ್ ದ ಮೆಟ್ರೋ" ಆಗಬೇಕು.

ಇಲ್ಲಿ ಕೆಡೋದು ಹೆಚ್ಚಾಗಿ ವಿಷಯದ ಆಯ್ಕೆಯಲ್ಲಿ. ಜಾಗತಿಕ ತಾಪಮಾನ, ಮಹಿಳಾ ಸಬಲೀಕರಣ ಅಂತ ಹಿಡಿದರೆ ಏನು ಹೇಳಬೇಕು ಅನ್ನೋದೇ ಹೊಳೆಯಲ್ಲ, ಹೇಗೆ ಹೇಳಬೇಕು ಅನ್ನೋದಕ್ಕೆ ತಲೆಯಲ್ಲಿ ಜಾಗ ಉಳಿಯಲ್ಲ. ಇವತ್ತು ಕಾಲೇಜಿಗೆ ಬಂದ ದಾರಿ, ಮನೆಯಲ್ಲಿ ಮುದ್ದೆ ಕೂಡಿಸುವ ರೀತಿ, ಊರಿನ ಜಾತ್ರೆ, ಟ್ಯಾಲಿ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರಲ್ಲಿ ಎಂಟ್ರಿ ಹಾಕುವ ಕ್ರಮ ಇಂಥವು ಸಾಕು. ಕೊನೆಯ ಸುತ್ತಿನ ರೆಕಾರ್ಡಿಂಗ್ ಮಾತ್ರ ಕೇಳಿ, ಎರಡೇ ಎರಡು ತಪ್ಪು ಗುರುತು ಹಾಕಿ. ಎಲ್ಲ ತಪ್ಪನ್ನೂ ಒಟ್ಟಿಗೆ ತಿದ್ದೋಕೆ ಕೂತರೆ ಮರುದಿನ ಮತ್ತೆ ಬಾಯಿ ಕಟ್ಟುತ್ತೆ. ಎ, ದ ಬಿಟ್ಟುಹೋದರೆ ಸದ್ಯಕ್ಕೆ ಬಿಡಿ.

ಈಗ ಮಾತಾಡೋಕೆ ಜನ. ಕನ್ನಡದ ಗೆಳೆಯರಿಬ್ಬರು "ಇವತ್ತಿಂದ ಇಂಗ್ಲಿಷೇ ಮಾತಾಡೋಣ" ಅಂತ ಪಣ ತೊಟ್ಟರೆ ಅದು ಮೂರು ದಿನ ನಿಲ್ಲೋದೂ ಕಷ್ಟ. ಕನ್ನಡದಲ್ಲಿ ಸಲೀಸಾಗಿ ಹೇಳಬಹುದಾದಾಗ ಇಂಗ್ಲಿಷ್ ಕೃತಕ ಅನ್ನಿಸುತ್ತೆ, ಅದು ಸಹಜ. ಬೆಂಗಳೂರಿನಲ್ಲಿ ಇದಕ್ಕೊಂದು ಒಳ್ಳೆಯ ದಾರಿ ಇದೆ. ನಿಮ್ಮ ಕಾಲೇಜಿನಲ್ಲೋ ಪಿಜಿಯಲ್ಲೋ ಕೇರಳ, ಬಂಗಾಳ, ಈಶಾನ್ಯ ರಾಜ್ಯಗಳಿಂದ ಬಂದವರು ಇದ್ದೇ ಇರುತ್ತಾರೆ. ಅವರಲ್ಲಿ ಕೆಲವರಿಗಾದರೂ ಆಟೋದವರ ಹತ್ತಿರ, ಅಂಗಡಿಯಲ್ಲಿ, ಓನರ್ ಆಂಟಿ ಹತ್ತಿರ ಆಡೋಕೆ ನಾಲ್ಕು ಮಾತು ಕನ್ನಡ ಬೇಕಿರುತ್ತೆ. ವಿನಿಮಯ ಮಾಡಿಕೊಳ್ಳಿ: ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ ನೀವು ಅವರಿಗೆ ಇಂಗ್ಲಿಷ್ ಮೂಲಕ ಕನ್ನಡ ಕಲಿಸಿ, ಇಪ್ಪತ್ತು ನಿಮಿಷ ಬರೀ ಇಂಗ್ಲಿಷ್ ಮಾತು. "ಬೇಕು" ಮತ್ತು "ಬೇಕಾಗಿತ್ತು"ಗೆ ಇರುವ ವ್ಯತ್ಯಾಸವನ್ನ ಇಂಗ್ಲಿಷಲ್ಲಿ ವಿವರಿಸೋಕೆ ಹೋದಾಗ ನಿಮ್ಮ ಇಂಗ್ಲಿಷ್ ಬೆಳೆಯುವಷ್ಟು ಯಾವ ವರ್ಕ್‌ಬುಕ್ಕಿನಿಂದಲೂ ಬೆಳೆಯಲ್ಲ. ಗೊತ್ತಿರುವವರು ನೀವೇ ಆಗಿರೋದರಿಂದ ಹಿಂಜರಿಕೆಯೂ ಇರಲ್ಲ. ಒಂದೇ ಷರತ್ತು: ಹಿಂದಿಗೆ ಜಾರಬಾರದು. ಇಬ್ಬರಿಗೂ ಅರೆಬರೆ ಹಿಂದಿ ಬಂದರೆ ಅದೇ ಸುಲಭ ಅನ್ನಿಸಿ ಎರಡು ಕಲಿಕೆಯೂ ನಿಂತುಹೋಗುತ್ತೆ.

ಎರಡು ತಿಂಗಳಾದ ಮೇಲೆ ಹತ್ತಿರದ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗೆ, ಅಂದರೆ ಜನರ ಮುಂದೆ ಮಾತಾಡೋದನ್ನು ಅಭ್ಯಾಸ ಮಾಡುವವರ ಕೂಟಕ್ಕೆ, ಅತಿಥಿಯಾಗಿ ಹೋಗಿ. ನಗರದಲ್ಲಿ ಇಂಥ ಕ್ಲಬ್‌ಗಳು ಬಹಳ ಇವೆ. ಅತಿಥಿಗಳಿಂದ ಸಾಮಾನ್ಯವಾಗಿ ಶುಲ್ಕ ತೆಗೆದುಕೊಳ್ಳಲ್ಲ. ಅಲ್ಲಿ ಟೇಬಲ್ ಟಾಪಿಕ್ಸ್ ಅಂತ ಒಂದು ಭಾಗ ಇರುತ್ತೆ, ಆ ಕ್ಷಣಕ್ಕೆ ಕೊಟ್ಟ ವಿಷಯದ ಮೇಲೆ ಒಂದರಿಂದ ಎರಡು ನಿಮಿಷ ಮಾತಾಡಬೇಕು. 4-3-2 ಮಾಡಿ ಬಂದವರಿಗೆ ಆ ಎರಡು ನಿಮಿಷ ಹೊರೆ ಅನ್ನಿಸಲ್ಲ.

ನಡುವೆ ಪದ ಸಿಗದೆ ನಿಂತಾಗ ಏನು ಮಾಡಬೇಕು ಅನ್ನೋದನ್ನೂ ಅಭ್ಯಾಸ ಮಾಡಬೇಕು. ಕನ್ನಡದಲ್ಲಿ ನಾವು "ಏನಂದ್ರೆ..." ಅಂತ ಸಮಯ ತೆಗೆದುಕೊಳ್ಳುತ್ತೀವಿ. ಅದಕ್ಕೆ ಸರಿಯಾಗಿ "ದ ಥಿಂಗ್ ಈಸ್..." ಇದೆ. ಎದುರಿನವರು ಹೇಳಿದ್ದು ತಪ್ಪಿಹೋದರೆ "ಸಾರಿ, ಕುಡ್ ಯು ಸೇ ದಟ್ ಅಗೇನ್?" ಪದವೇ ಗೊತ್ತಿಲ್ಲದಿದ್ದರೆ ಅದರ ಉಪಯೋಗ ಹೇಳಿ. ಅಡುಗೆಮನೆಯಲ್ಲಿ ನಿಂತು ಹತ್ತು ವಸ್ತು ನೋಡಿ. ಸೌಟಿಗೆ ಇಂಗ್ಲಿಷಲ್ಲಿ ಏನಂತಾರೋ ಗೊತ್ತಿಲ್ಲವೇ? "ದ ಬಿಗ್ ಸ್ಪೂನ್ ವಿ ಯೂಸ್ ಟು ಸರ್ವ್ ಸಾಂಬಾರ್." ಮಾತು ಮುಂದೆ ಹೋಯಿತು. ಮೊರಕ್ಕೆ, ಲಟ್ಟಣಿಗೆಗೆ, ತುರಿಯುವ ಮಣೆಗೆ ಹೀಗೇ ಮಾಡಿ.

ಸೌಜನ್ಯದ ಬಗ್ಗೆ ಒಂದು ಮಾತು, ಇದನ್ನು ಯಾರೂ ಹೇಳಿಕೊಡಲ್ಲ. "ಪೆನ್ ಕೊಡಿ" ಅನ್ನುವಾಗ "ಕೊಡಿ"ಯ "ಇ"ಯಲ್ಲೇ ಮರ್ಯಾದೆ ಇದೆ. "ಗಿವ್ ಪೆನ್" ಅಂದಾಗ ಆ "ಇ" ಉದುರಿಹೋಗಿ "ಪೆನ್ ಕೊಡೋ" ಅಂದಂತೆ ಕೇಳುತ್ತೆ. ಅದಕ್ಕೆ "ಕುಡ್ ಐ ಬಾರೋ ಯುವರ್ ಪೆನ್?" ಬೇಕು. "ಹೇಳಿ ಸರ್" ಅನ್ನೋದೂ ಹಾಗೇ: "ಟೆಲ್ ಸರ್" ಬೇಡ, "ಯೆಸ್ ಸರ್, ಪ್ಲೀಸ್ ಗೋ ಅಹೆಡ್" ಅನ್ನಿ.

ಉಚ್ಚಾರಣೆಯಲ್ಲಿ ಕನ್ನಡದ ಛಾಯೆ ಇದ್ದರೆ ಇರಲಿ, ಅದನ್ನು ಅಳಿಸುವ ಅಗತ್ಯವಿಲ್ಲ. ಅರ್ಥಕ್ಕೆ ಅಡ್ಡ ಬರುವ ಮೂರನ್ನು ಮಾತ್ರ ನೋಡಿಕೊಳ್ಳಿ. ಪದದ ಕೊನೆಗೆ "ಉ" ಸೇರಿಸೋದು (ಬಸ್ಸು, ಲೇಟು): ವ್ಯಂಜನದಲ್ಲೇ ನಿಲ್ಲಿಸಿ. ಮೊದಲಲ್ಲಿ ಯ, ವ ಸೇರಿಸೋದು: "ಎಲೆ"ಯನ್ನ "ಯೆಲೆ" ಅನ್ನುವ ಅಭ್ಯಾಸವೇ "ಎಗ್"ಅನ್ನು "ಯೆಗ್", "ಓನ್ಲಿ"ಯನ್ನ "ವೋನ್ಲಿ" ಮಾಡುತ್ತೆ. ಮೂರನೆಯದು ಒತ್ತು. ನಾವು ಎಲ್ಲ ಅಕ್ಷರಕ್ಕೂ ಸಮ ತೂಕ ಕೊಡುತ್ತೀವಿ, ಇಂಗ್ಲಿಷ್ ಪದದಲ್ಲಿ ಒಂದೇ ಕಡೆ ಭಾರ. ನಿಮ್ಮ ವಿಷಯದಲ್ಲೇ ನೋಡಿ: "ಎಕಾನಮಿ"ಯಲ್ಲಿ ಒತ್ತು "ಕಾ" ಮೇಲೆ, "ಎಕನಾಮಿಕ್ಸ್"ನಲ್ಲಿ "ನಾ" ಮೇಲೆ. ಇಕ್, ಶನ್ ಎಂದು ಮುಗಿಯುವ ಪದಗಳಲ್ಲಿ ಸಾಮಾನ್ಯವಾಗಿ ಅದರ ಹಿಂದಿನ ಭಾಗಕ್ಕೆ ಒತ್ತು. ಇನ್ನು "ವರ್ಕ್ಡ್" ಅಂತ ಕಣ್ಣಿಗೆ ಕಂಡರೂ ಬಾಯಲ್ಲಿ ಅದು "ವರ್ಕ್ಟ್", "ವರ್ಕೆಡ್" ಅಲ್ಲ. ಟ, ಡ ಸದ್ದಿನಲ್ಲಿ ಮುಗಿಯುವ ಪದಗಳಿಗೆ ಮಾತ್ರ "ಎಡ್" ಪೂರ್ತಿ ಕೇಳಬೇಕು: ವಾಂಟೆಡ್, ಸಬ್ಮಿಟೆಡ್.

ಕಿವಿಗೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ "ಸಿಕ್ಸ್ ಮಿನಿಟ್ ಇಂಗ್ಲಿಷ್" ಅನ್ನುವ ಆಡಿಯೋ ಕಾರ್ಯಕ್ರಮ ಸಾಕು. ಉಚಿತ, ಜೊತೆಗೆ ಮಾತಿನ ಪಠ್ಯವೂ ಸಿಗುತ್ತೆ. ಪೂರ್ತಿ ಒಂದು ಸಲ ಕೇಳಿ, ಮೂವತ್ತು ಸೆಕೆಂಡಿನ ತುಣುಕೊಂದನ್ನ ಐದು ಸಲ ಅವರ ಹಿಂದೆಯೇ ಹೇಳಿ. ಬಿಎಂಟಿಸಿ ಬಸ್ಸಲ್ಲಿ ನಿಂತೇ ಇದು ಆಗುತ್ತೆ, ತುಟಿ ಅಲುಗಾಡಿದರೆ ಯಾರೂ ನೋಡಲ್ಲ. ವಾರಕ್ಕೆ ಮೂರು ದಿನದ ಆ ವಿನಿಮಯದ ಮಾತು ಬಿಟ್ಟರೆ, ಎಲ್ಲ ಸೇರಿ ದಿನಕ್ಕೆ ನಲವತ್ತು ನಿಮಿಷ.

ಪ್ಲೇಸ್‌ಮೆಂಟ್‌ಗೆ ಅಂತ ಸೆಲ್ಫ್ ಇಂಟ್ರೊಡಕ್ಷನ್ ಬಾಯಿಪಾಠ ಮಾಡಬೇಡಿ. "ಮೈಸೆಲ್ಫ್" ಅಂತ ಶುರುಮಾಡೋದೂ ಬೇಡ, "ಐ ಆಮ್" ಸಾಕು. ಉರು ಹೊಡೆದದ್ದು ಒಂದು ನಿಮಿಷ ಹರಿಯುತ್ತೆ, ಎದುರಿನವರು "ಯಾಕೆ ಕಾಮರ್ಸ್ ತಗೊಂಡ್ರಿ?" ಅಂದ ಕೂಡಲೇ ನಿಂತುಹೋಗುತ್ತೆ. ನಿಮ್ಮ ಪರಿಚಯದ ಪ್ರತಿ ವಾಕ್ಯಕ್ಕೂ ಬರಬಹುದಾದ ಎರಡು ಪ್ರಶ್ನೆ ಬರೆದು ಗೆಳೆಯರ ಕೈಗೆ ಕೊಡಿ, ಅವರು ಯಾವುದನ್ನಾದರೂ ಕೇಳಲಿ.

ಇವತ್ತು ರಾತ್ರಿಗೆ ಐದು ಪದ: ಅಟೆಂಡ್, ಚೆಕ್, ರಿಟರ್ನ್, ಮಿಸ್, ಸೆಂಡ್. "ಸೆಂಡ್" ಮಾತ್ರ ಹಿಂದಿನ ಕಾಲದಲ್ಲಿ "ಸೆಂಟ್" ಆಗುತ್ತೆ, "ಡಿಡ್" ಬಂದರೆ ಮತ್ತೆ "ಸೆಂಡ್".