ದೊಡ್ಡ ಫುಟ್‌ಬಾಲ್ ಕ್ಲಬ್‌ನ ಅಕಾಡೆಮಿ (ಹುಡುಗರನ್ನು ತಯಾರು ಮಾಡುವ ತರಬೇತಿ ವಿಭಾಗ) ಬಿಟ್ಟು ಹುಡುಗರು ಯಾಕೆ ಹೋಗ್ತಾರೆ?

ಆಡೋಕೆ ಜಾಗ ಸಿಗಲ್ಲ, ಅಷ್ಟೇ. ದುಡ್ಡಿರುವ ಕ್ಲಬ್‌ಗಳು ಮೊದಲ ತಂಡಕ್ಕೆ ಹೆಸರುವಾಸಿ ಆಟಗಾರರನ್ನೇ ಕೊಂಡು ತರುತ್ತವೆ. ಅಕಾಡೆಮಿ ಹುಡುಗ ಕಾಯುತ್ತಾ ಕೂರಬೇಕು. ಇಂಗ್ಲೆಂಡಿನ ಹುಡುಗ ಜೇಡನ್ ಸ್ಯಾಂಚೊ ಕಾಯಲಿಲ್ಲ. 2017ರಲ್ಲಿ, 17ನೇ ವಯಸ್ಸಿಗೇ ಮ್ಯಾಂಚೆಸ್ಟರ್ ಸಿಟಿ ಬಿಟ್ಟು ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್‌ಗೆ ಹೋದ. ಅಲ್ಲಿ 7ನೇ ನಂಬರ್ ಜೆರ್ಸಿ ಸಿಕ್ಕಿತು. ಮರುವರ್ಷ ಇಂಗ್ಲೆಂಡ್ ತಂಡಕ್ಕೂ ಆಡಿದ. 2019ರಲ್ಲಿ ಜಮಾಲ್ ಮುಸಿಯಾಲಾ ಕೂಡ ಇಂಗ್ಲೆಂಡಿನ ಚೆಲ್ಸಿ ಕ್ಲಬ್ ಬಿಟ್ಟು ಜರ್ಮನಿಯ ಬಯರ್ನ್ ಮ್ಯೂನಿಕ್ ಸೇರಿದ.

ಬಿಟ್ಟವರಿಗೆಲ್ಲ ಹೀಗೇ ಆಗುತ್ತದೆ ಅಂತಲ್ಲ. ಆದರೂ ಸುಮ್ನೆ ಬೆಂಚ್ ಕಾಯೋದು ಕಷ್ಟ ಅಲ್ವಾ? ನಮ್ಮ ಬೆಳಗಾವಿಯ ಮೈದಾನಗಳಲ್ಲೇ ನೋಡಿ. ಮ್ಯಾಚ್ ಮುಗಿದರೂ ಬೂಟಿಗೆ ಚೂರೂ ಕೆಂಪು ಮಣ್ಣು ಹತ್ತದ ಹುಡುಗ, ಮುಂದಿನ ಟೂರ್ನಿಗೆ ಬೇರೆ ತಂಡದ ಜೆರ್ಸಿ ಹಾಕಿಕೊಂಡು ಬಂದಿರುತ್ತಾನೆ.