ರಾಯಚೂರಿನಿಂದ ಹಿಮದ ಊರಿಗೆ ರೈಲಿನಲ್ಲೇ

ಪ್ರಶ್ನೆ: ಅಕ್ಕಾ, ಮಗಳಿಗೆ ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಲಿಯುವ ಆಸೆ. ನನಗೆ ವಿಮಾನ ಅಂದರೆ ಭಯ. ರೈಲಿನಲ್ಲೇ ಹೋಗಬಹುದಾ?
– ಓದುಗರೊಬ್ಬರು, ರಾಯಚೂರು

ಉತ್ತರ: ಖಂಡಿತ ಹೋಗಬಹುದು ಅಣ್ಣಾ. ನಮ್ಮ ಸ್ಟೇಷನ್‌ನಲ್ಲೇ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದೆಹಲಿ. ಒಂದು ದಿನಕ್ಕಿಂತ ಜಾಸ್ತಿ ಪಯಣ, ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ದೆಹಲಿಯಿಂದ ಇನ್ನೊಂದು ರೈಲಲ್ಲಿ ಜಮ್ಮು ಕಡೆಯ ಕಟ್ರಾ ಊರು. ಅಲ್ಲಿ ಇಳಿದು ಶ್ರೀನಗರದ ವಂದೇ ಭಾರತ್ ಹತ್ತಬೇಕು. 2025ರ ಜೂನ್‌ನಲ್ಲಿ ಶುರುವಾದ ಮಾರ್ಗವಿದು. ದಾರಿಯುದ್ದಕ್ಕೂ ಸುರಂಗಗಳೇ ಜಾಸ್ತಿ. ನಡುವೆ ಚಿನಾಬ್ ಸೇತುವೆ ಬರುತ್ತದೆ, ನದಿಯಿಂದ 359 ಮೀಟರ್ ಎತ್ತರ! ನೋಡುವಷ್ಟರಲ್ಲಿ ದಾಟಿಹೋಗುತ್ತದೆ, ಮಗಳನ್ನು ಕಿಟಕಿ ಪಕ್ಕ ಕೂರಿಸಿ. ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿ.ಮೀ., ಟ್ಯಾಕ್ಸಿ ಸಿಗುತ್ತದೆ.

ಜನವರಿ, ಫೆಬ್ರುವರಿಯಲ್ಲಿ ಹೋಗಿ. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಲಿ.

ಸ್ಕೀ, ಬೂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ. ಆದರೆ ಬೂಟು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿ. ನನಗೆ ಒಬ್ಬರು ಒಂದು ಸೈಜು ಸಣ್ಣದು ಕೊಟ್ಟಿದ್ದರು. ಸಂಕೋಚಕ್ಕೆ ಸುಮ್ನಿದ್ದೆ. ಸಂಜೆ ಕಾಲುಚೀಲ ಬಿಚ್ಚಿದರೆ ಹೆಬ್ಬೆರಳಿನ ಉಗುರು ನೀಲಿಗಟ್ಟಿತ್ತು. ಮರುದಿನ ಹಿಮದ ಮೇಲೆ ಕಾಲಿಡಲಾಗಲಿಲ್ಲ. ಮಗಳಿಗೆ ಹಾಗಾಗುವುದು ಬೇಡ, ಬಿಗಿಯಾದರೆ ಬದಲಿಸಿ ಕೊಡಿ ಎಂದು ಕೇಳಿಬಿಡಿ.